ಅಂಕಪಟ್ಟಿಯ ಹಾಳೆಯಲ್ಲಿ ಗುಂಡಿ ಮತ್ತು ಮ್ಯಾಕ್ರೊ

೧. ಪೀಠಿಕೆ

ಆಂತರಿಕ ಪರೀಕ್ಷೆಗಳ ಅಂಕಗಳನ್ನು ದಪ್ಪ ರಟ್ಟಿನ ರಿಜಿಸ್ಟರುಗಳಲ್ಲಿ ಬರೆದಿಡುತ್ತಿದ್ದ ಕಾಲವು ನಮ್ಮ ಕಾಲೇಜುಗಳಲ್ಲಿ ಬಹುಮಟ್ಟಿಗೆ ಮುಗಿದಿದೆ. ಈಗ ಆ ಕೆಲಸವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ವಹಿಸಿಕೊಂಡಿದೆ. ಅಂಥ ಹಾಳೆಯ ಒಂದು ಮೂಲೆಯಲ್ಲಿ ಕೆಲವೊಮ್ಮೆ ಒಂದು ಗುಂಡಿ ಇರುವುದುಂಟು. ಅದರ ಮೇಲೆ ‘ಒಟ್ಟು ಮಾಡು’ ಎಂದೋ ‘ಮುದ್ರಿಸು’ ಎಂದೋ ಬರೆದಿರುತ್ತದೆ. ಒತ್ತಿದೊಡನೆ, ಕೈಯಿಂದ ಮಾಡಿದರೆ ಅರ್ಧ ಗಂಟೆ ಹಿಡಿಯುವ ಕೆಲಸವು ಕ್ಷಣಮಾತ್ರದಲ್ಲಿ ನೆರವೇರುತ್ತದೆ. ಈ ಗುಂಡಿಯ ಹಿಂದೆ ನಡೆಯುವುದೇನು, ಗುಂಡಿಗೂ ಅದರ ಕಾರ್ಯಕ್ಕೂ ಇರುವ ಸಂಬಂಧ ಎಂಥದು, ಆ ಸಂಬಂಧವನ್ನು ಕಲ್ಪಿಸುವವರ ಹೊಣೆಯೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದೆ. ಗಣಕವಿಜ್ಞಾನವನ್ನು ಅಭ್ಯಸಿಸದ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಗಮನದಲ್ಲಿರಿಸಿಕೊಂಡು ಇದನ್ನು ಬರೆಯಲಾಗಿದೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ನನ್ನದೇ ಒಂದು ತಪ್ಪಿನಿಂದ. ನಾನು ಕೆಲಸ ಮಾಡುತ್ತಿದ್ದ ಒಂದು ವಿಭಾಗದಲ್ಲಿ, ಹಲವು ವರ್ಷಗಳ ಹಿಂದೆ, ತರಗತಿಯ ಅಂಕಪಟ್ಟಿಗೆ ‘ಮೊದಲ ಹತ್ತು’ ಎಂಬ ಗುಂಡಿಯೊಂದನ್ನು ನಾನು ಇರಿಸಿದೆ. ಅದನ್ನು ಒತ್ತಿದರೆ ಪಟ್ಟಿಯು ಒಟ್ಟು ಅಂಕಗಳ ಇಳಿಕೆಯ ಕ್ರಮದಲ್ಲಿ ಜೋಡಿಗೊಂಡು, ಮೇಲಿನ ಹತ್ತು ಹೆಸರುಗಳು ಬೇರೊಂದು ಹಾಳೆಗೆ ಪ್ರತಿಯಾಗುತ್ತಿದ್ದುವು. ಆ ವರ್ಷ ತರಗತಿಯಲ್ಲಿ ೬೦ ಮಂದಿ ಇದ್ದರು; ಎಲ್ಲವೂ ಸರಿಯಾಗಿ ನಡೆಯಿತು. ಮರುವರ್ಷ ೬೭ ಮಂದಿ ಸೇರಿದರು. ಅದೇ ಗುಂಡಿಯನ್ನು ಒತ್ತಿ, ಬಂದ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಚ್ಚಿದೆವು. ಬಹುಮಾನಕ್ಕೆ ಶಿಫಾರಸು ಮಾಡಬೇಕಾಗಿದ್ದುದೂ ಆ ಪಟ್ಟಿಯ ಆಧಾರದಿಂದಲೇ. ಎರಡು ದಿನಗಳ ಅನಂತರ, ತಡವಾಗಿ ಪ್ರವೇಶ ಪಡೆದಿದ್ದ ಒಬ್ಬ ವಿದ್ಯಾರ್ಥಿನಿ ಬಂದು, “ಸರ್, ನನ್ನ ಒಟ್ಟು ಮೂರನೆಯವರಿಗಿಂತ ಹೆಚ್ಚಾಗಿದೆಯಲ್ಲವೆ?” ಎಂದು ಸಂಕೋಚದಿಂದ ಕೇಳಿದಳು. ಆಕೆಯ ಹೆಸರು ಹಾಳೆಯ ೬೬ನೆಯ ಅಡ್ಡಸಾಲಿನಲ್ಲಿತ್ತು. ನನ್ನ ಗುಂಡಿಯು ೬೧ನೆಯ ಅಡ್ಡಸಾಲಿನಿಂದ ಕೆಳಕ್ಕೆ ನೋಡಿಯೇ ಇರಲಿಲ್ಲ. ಶಿಫಾರಸು ಇನ್ನೂ ಹೊರಟಿರಲಿಲ್ಲವಾದ್ದರಿಂದ ಪಟ್ಟಿಯನ್ನು ತಿದ್ದಲು ಸಾಧ್ಯವಾಯಿತು. ಆಕೆ ಬಂದು ಕೇಳದಿದ್ದರೆ ಆ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ.

೨. ಮ್ಯಾಕ್ರೊ ಎಂದರೇನು?

ಹಲವು ಆದೇಶಗಳನ್ನು ಕ್ರಮವಾಗಿ ಜೋಡಿಸಿ, ಆ ಜೋಡಣೆಗೆ ಒಂದು ಹೆಸರನ್ನಿಟ್ಟು, ಆ ಹೆಸರನ್ನು ಕರೆದಾಗಲೆಲ್ಲ ಅವೆಲ್ಲವೂ ಒಂದಾದಮೇಲೊಂದು ನಡೆಯುವಂತೆ ಮಾಡುವ ಏರ್ಪಾಟೇ ಮ್ಯಾಕ್ರೊ. ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯುವುದು ಮುಂದಿನ ವಿವರಣೆಗೆ ಸಹಾಯಕ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ರಚಿಸಿದ ವಿಸಿಕ್ಯಾಲ್ಕ್ ೧೯೭೯ರಲ್ಲಿ ಆಪಲ್ ೨ ಯಂತ್ರಕ್ಕೆಂದು ಹೊರಬಂದು, ಸ್ಪ್ರೆಡ್‌ಶೀಟನ್ನು ಮೇಜಿನ ಮೇಲಣ ಕಂಪ್ಯೂಟರಿಗೆ ತಂದಿತು. ೧೯೮೩ರಲ್ಲಿ ಬಂದ ಲೋಟಸ್ ೧-೨-೩ರಲ್ಲಿ ಮ್ಯಾಕ್ರೊಗಳು ಪ್ರಸಿದ್ಧವಾದುವು. ಅಲ್ಲಿ ಮ್ಯಾಕ್ರೊ ಎಂದರೆ, ಮನುಷ್ಯನು ಒತ್ತುವ ಕೀಲಿಗಳ ಸರಣಿಯನ್ನೇ ಹಾಳೆಯ ಕೋಶಗಳಲ್ಲಿ ಅಕ್ಷರರೂಪದಲ್ಲಿ ಬರೆದಿಡುವುದು. ಎಂಟರ್ ಕೀಲಿಗೆ ಬದಲಾಗಿ ಒಂದು ಅಲೆಗೆರೆಯ ಚಿಹ್ನೆ. ಆ ಕೋಶಕ್ಕೆ ಒಂದು ಅಕ್ಷರದ ಹೆಸರಿಟ್ಟರೆ, ಆಲ್ಟ್ ಕೀಲಿಯೊಡನೆ ಆ ಅಕ್ಷರವನ್ನು ಒತ್ತಿದಾಗ ಮ್ಯಾಕ್ರೊ ನಡೆಯುತ್ತಿತ್ತು.

ಮೈಕ್ರೊಸಾಫ್ಟ್ ಸಂಸ್ಥೆಯ ಎಕ್ಸೆಲ್ ೧೯೮೫ರಲ್ಲಿ ಮ್ಯಾಕಿಂಟಾಷ್ ಯಂತ್ರಕ್ಕೂ ೧೯೮೭ರಲ್ಲಿ ವಿಂಡೋಸ್‌ಗೂ ಬಂದಿತು. ೧೯೯೩ರ ಐದನೆಯ ಆವೃತ್ತಿಯಿಂದ ಅದರ ಮ್ಯಾಕ್ರೊಗಳನ್ನು ವಿಷುಯಲ್ ಬೇಸಿಕ್ ಎಂಬ ಕ್ರಮವಿಧಿಭಾಷೆಯಲ್ಲಿ ಬರೆಯುವ ಪದ್ಧತಿ ಆರಂಭವಾಯಿತು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಲೋಟಸ್‌ನಲ್ಲಿ ಮ್ಯಾಕ್ರೊ ಹಾಳೆಯ ಮೇಲೆಯೇ, ಅಂಕಿಗಳ ನಡುವೆಯೇ, ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತಿತ್ತು. ಎಕ್ಸೆಲ್‌ನಲ್ಲಿ ಅದು ಹಾಳೆಯ ಹಿಂದಿನ ಬೇರೊಂದು ಕಿಟಕಿಗೆ, ‘ಮಾಡ್ಯೂಲ್’ ಎಂಬ ಪುಟಕ್ಕೆ, ಸರಿಯಿತು. ಹಾಳೆಯಲ್ಲಿ ಉಳಿದದ್ದು ಗುಂಡಿ ಮಾತ್ರ. ಬಳಸುವವರಿಗೆ ಇದರಿಂದ ಅನುಕೂಲವಾಯಿತೆಂಬುದು ನಿಜ. ಆದರೆ ನಡೆಯುವ ಕ್ರಿಯೆಯು ಬಳಸುವವರ ಕಣ್ಣಿಗೆ ಮರೆಯಾದುದೂ ಅಷ್ಟೇ ನಿಜ.

೩. ಮ್ಯಾಕ್ರೊವನ್ನು ಪಡೆಯುವ ಬಗೆ

ಮ್ಯಾಕ್ರೊವನ್ನು ಎರಡು ಬಗೆಯಲ್ಲಿ ಪಡೆಯಬಹುದು: ಸ್ವತಃ ಬರೆಯುವುದು ಒಂದು, ‘ರೆಕಾರ್ಡ್’ ಮಾಡುವುದು ಇನ್ನೊಂದು. ಎರಡನೆಯದು ಸುಲಭವಾದ್ದರಿಂದ ಬಹುಮಂದಿ ಅದನ್ನೇ ಅವಲಂಬಿಸುತ್ತಾರೆ. ರೆಕಾರ್ಡ್ ಮ್ಯಾಕ್ರೊ ಎಂಬ ಆದೇಶವನ್ನು ಕೊಟ್ಟು, ಮಾಡಬೇಕಾದ ಕೆಲಸವನ್ನು ಒಮ್ಮೆ ಕೈಯಿಂದಲೇ ಮಾಡಿ, ಬಳಿಕ ದಾಖಲೆಯನ್ನು ನಿಲ್ಲಿಸಿದರೆ, ಎಕ್ಸೆಲ್ ಆ ಕೆಲಸವನ್ನು ವಿಷುಯಲ್ ಬೇಸಿಕ್‌ಗೆ ಇಳಿಸಿಕೊಂಡಿರುತ್ತದೆ.

ನನ್ನ ತಪ್ಪಿನ ಮೂಲವಿದ್ದುದು ಇಲ್ಲಿಯೇ. ದಾಖಲಿಸುವ ಯಂತ್ರಕ್ಕೆ ನಮ್ಮ ಕೈ ಮಾಡಿದ್ದು ಕಾಣುತ್ತದೆಯೇ ಹೊರತು ನಮ್ಮ ಮನಸ್ಸಿನಲ್ಲಿದ್ದುದು ಕಾಣುವುದಿಲ್ಲ. ‘ತರಗತಿಯ ಎಲ್ಲರನ್ನೂ ಜೋಡಿಸು’ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಯಂತ್ರವು ಬರೆದುಕೊಂಡದ್ದು, ‘ಎ೨ರಿಂದ ಎಫ್೬೧ರವರೆಗಿನ ಕೋಶಗಳನ್ನು ಜೋಡಿಸು’ ಎಂದು. ಮೊದಲ ವರ್ಷ ಈ ಎರಡು ವಾಕ್ಯಗಳಿಗೂ ಫಲದಲ್ಲಿ ಭೇದವಿರಲಿಲ್ಲ. ಎರಡನೆಯ ವರ್ಷ ಏಳು ಮಂದಿಯಷ್ಟು ಭೇದ ಉಂಟಾಯಿತು. ‘ಸಾಪೇಕ್ಷ ನಿರ್ದೇಶ’ ಎಂಬ ಇನ್ನೊಂದು ದಾಖಲೆಪದ್ಧತಿಯೂ ಎಕ್ಸೆಲ್‌ನಲ್ಲಿದೆ. ಅದರಲ್ಲಿ ಕೋಶಗಳ ಸ್ಥಾನವು ಆರಂಭದ ಕೋಶದಿಂದ ಎಷ್ಟು ದೂರವೆಂದು ಗುರುತಾಗುತ್ತದೆ. ಅದರಿಂದ ವ್ಯಾಪ್ತಿಯ ಸ್ಥಾನ ಸರಿಯಬಹುದೇ ಹೊರತು ವ್ಯಾಪ್ತಿಯ ಗಾತ್ರ ತಾನಾಗಿ ಬೆಳೆಯದು. ಆದಕಾರಣ ಅದೂ ಇಲ್ಲಿ ಪರಿಹಾರವಲ್ಲ.

ವ್ಯಾಪ್ತಿಯನ್ನು ಕಿರಿದಾಗಿ ಹಿಡಿಯುವ ತಪ್ಪು ಸಣ್ಣ ವಿಭಾಗಗಳಿಗೆ ಮಾತ್ರ ಸೇರಿದುದಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಖ್ಯಾತ ಅರ್ಥಶಾಸ್ತ್ರಜ್ಞರು ಸರ್ಕಾರಿ ಸಾಲಕ್ಕೂ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತು ೨೦೧೦ರಲ್ಲಿ ಪ್ರಕಟಿಸಿದ ಲೇಖನದ ಎಕ್ಸೆಲ್ ಹಾಳೆಯಲ್ಲಿ, ಸರಾಸರಿಯ ಸೂತ್ರವು ೪೯ನೆಯ ಅಡ್ಡಸಾಲಿನವರೆಗೆ ಹೋಗುವ ಬದಲು ೪೪ನೆಯದರಲ್ಲೇ ನಿಂತು, ಐದು ದೇಶಗಳು ಲೆಕ್ಕದಿಂದ ಬಿಟ್ಟುಹೋಗಿದ್ದುವು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೩ರಲ್ಲಿ ಆ ಹಾಳೆಯನ್ನೇ ತರಿಸಿ ಪರಿಶೀಲಿಸಿದಾಗ ಇದು ಬೆಳಕಿಗೆ ಬಂದಿತು. ಅಲ್ಲಿದ್ದುದು ಸೂತ್ರ, ಮ್ಯಾಕ್ರೊ ಅಲ್ಲ. ಆದರೆ ದೋಷದ ಜಾತಿ ಒಂದೇ. ಸೂತ್ರವಾದರೋ ಕೋಶದ ಮೇಲೆ ಮೌಸ್ ಇಟ್ಟು ಒತ್ತಿದರೆ ಕಾಣುತ್ತದೆ. ಗುಂಡಿಯ ಹಿಂದಿನ ಮ್ಯಾಕ್ರೊ ಹಾಗೆ ಕಾಣುವುದಿಲ್ಲ.

೪. ಗುಂಡಿಗೆ ಮ್ಯಾಕ್ರೊವನ್ನು ಕಟ್ಟುವ ಕ್ರಮ

ಎಕ್ಸೆಲ್‌ನಲ್ಲಿ ‘ಡೆವಲಪರ್’ ಎಂಬ ಪಟ್ಟಿ ಸಾಮಾನ್ಯವಾಗಿ ಮರೆಯಲ್ಲಿರುತ್ತದೆ. ಆಯ್ಕೆಗಳಲ್ಲಿ ರಿಬ್ಬನ್ನಿಗೆ ಸಂಬಂಧಿಸಿದ ಭಾಗಕ್ಕೆ ಹೋಗಿ ಅದನ್ನು ಮೊದಲು ತೋರುವಂತೆ ಮಾಡಿಕೊಳ್ಳಬೇಕು. ಅದರಲ್ಲಿ ‘ಇನ್ಸರ್ಟ್’ ಒತ್ತಿ, ‘ಫಾರ್ಮ್ ಕಂಟ್ರೋಲ್’ ಗುಂಪಿನಿಂದ ಗುಂಡಿಯನ್ನು ಆರಿಸಿ, ಹಾಳೆಯ ಮೇಲೆ ಬೇಕಾದಷ್ಟು ಗಾತ್ರಕ್ಕೆ ಎಳೆದರೆ ಗುಂಡಿ ಮೂಡುತ್ತದೆ. ಕೂಡಲೇ ‘ಅಸೈನ್ ಮ್ಯಾಕ್ರೊ’ ಎಂಬ ಕಿಟಕಿ ತೆರೆದು, ಇರುವ ಮ್ಯಾಕ್ರೊಗಳ ಹೆಸರುಗಳನ್ನು ತೋರಿಸುತ್ತದೆ. ಒಂದನ್ನು ಆರಿಸಿ ಒಪ್ಪಿಗೆ ಕೊಟ್ಟರೆ ಸಂಬಂಧ ಏರ್ಪಟ್ಟಿತು. ಮುಂದೆ ಬದಲಾಯಿಸಬೇಕಾದರೆ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ಅದೇ ಕಿಟಕಿಯನ್ನು ತೆರೆಯಬಹುದು. ಗುಂಡಿಯೇ ಆಗಬೇಕೆಂದಿಲ್ಲ; ಹಾಳೆಯಲ್ಲಿ ಬಿಡಿಸಿದ ಆಯತಕ್ಕೋ ಚಿತ್ರಕ್ಕೋ ಇದೇ ರೀತಿಯಲ್ಲಿ ಮ್ಯಾಕ್ರೊ ಕಟ್ಟಬಹುದು. ‘ಆಕ್ಟಿವ್‌ಎಕ್ಸ್’ ಎಂಬ ಇನ್ನೊಂದು ಜಾತಿಯ ಗುಂಡಿಗಳೂ ಉಂಟು. ಅವು ಮ್ಯಾಕಿಂಟಾಷ್ ಯಂತ್ರದ ಎಕ್ಸೆಲ್‌ನಲ್ಲಿ ನಡೆಯವಾದ್ದರಿಂದ, ನಮ್ಮ ಉದ್ದೇಶಕ್ಕೆ ಮೊದಲ ಜಾತಿಯೇ ಸಾಕು.

ಆ ಪಟ್ಟಿಯಲ್ಲಿ ಎಲ್ಲ ಮ್ಯಾಕ್ರೊಗಳೂ ಕಾಣುವುದಿಲ್ಲ. ಹೊರಗಿನಿಂದ ಬೆಲೆಗಳನ್ನು ಬೇಡುವ ಮ್ಯಾಕ್ರೊ, ‘ಪ್ರೈವೇಟ್’ ಎಂದು ಘೋಷಿತವಾದ ಮ್ಯಾಕ್ರೊ, ಇವೆರಡೂ ಅಲ್ಲಿ ಬರುವುದಿಲ್ಲ. ಗುಂಡಿಯು ಕರೆಯಬಲ್ಲುದೇ ಹೊರತು ಏನನ್ನೂ ಜೊತೆಗೆ ಕಳಿಸಲಾರದು ಎಂದು ತಿಳಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಆದರೂ ಕರೆಯಲ್ಪಟ್ಟ ಮ್ಯಾಕ್ರೊ, ತನ್ನನ್ನು ಕರೆದ ಗುಂಡಿ ಯಾವುದೆಂದು ‘ಅಪ್ಲಿಕೇಷನ್ ಕಾಲರ್’ ಎಂಬ ಪದದ ಮೂಲಕ ವಿಚಾರಿಸಿಕೊಳ್ಳಬಹುದು. ತರಗತಿಯ ಮೂರು ವಿಭಾಗಗಳಿಗೆ ಮೂರು ಗುಂಡಿಗಳಿದ್ದು ಮೂರಕ್ಕೂ ಒಂದೇ ಮ್ಯಾಕ್ರೊ ಸಾಕಾಗುವುದು ಇದರಿಂದಲೇ.

ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ನಲ್ಲಿ ವಿನ್ಯಾಸಸ್ಥಿತಿಗೆ ಹೋಗಿ ಗುಂಡಿಯನ್ನು ಬರೆದು, ಅದರ ಗುಣಗಳ ಕಿಟಕಿಯಲ್ಲಿ ‘ಈವೆಂಟ್ಸ್’ ಭಾಗವನ್ನು ತೆರೆದು, ಯಾವ ಘಟನೆಗೆ ಯಾವ ಮ್ಯಾಕ್ರೊ ಎಂದು ಆರಿಸಬೇಕು. ವಿನ್ಯಾಸಸ್ಥಿತಿಯಿಂದ ಹೊರಬಂದ ಮೇಲೆಯೇ ಗುಂಡಿ ಕೆಲಸ ಮಾಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಒಂದು ಚಿತ್ರವನ್ನು ಸೇರಿಸಿ, ಅದರ ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ‘ಅಸೈನ್ ಸ್ಕ್ರಿಪ್ಟ್’ ಎಂಬಲ್ಲಿ ಹೆಸರನ್ನು ಕೈಯಿಂದ ಬರೆಯಬೇಕು. ವಿಧಾನ ಬೇರೆಯಾದರೂ ತತ್ತ್ವ ಒಂದೇ.

೫. ಹೆಸರಿನ ಬಂಧ

ಆ ತತ್ತ್ವವೆಂದರೆ, ಗುಂಡಿಗೂ ಕ್ರಿಯೆಗೂ ಇರುವ ಬಂಧವು ಹೆಸರಿನ ಬಂಧ ಎಂಬುದು. ಇಲ್ಲಿ ಮೂರು ವಸ್ತುಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು: ಗುಂಡಿಯ ಮೇಲೆ ಬರೆದಿರುವ ಮಾತು ಒಂದು, ಗುಂಡಿಯು ಒಳಗೆ ನೆನಪಿಟ್ಟುಕೊಂಡಿರುವ ಮ್ಯಾಕ್ರೊವಿನ ಹೆಸರು ಇನ್ನೊಂದು, ಆ ಹೆಸರಿನಡಿ ಇರುವ ಆದೇಶಗಳು ಮೂರನೆಯದು. ಇವು ಮೂರೂ ಪರಸ್ಪರ ಹೊಂದಿಕೊಂಡಿವೆಯೆ ಎಂದು ಯಂತ್ರವು ವಿಚಾರಿಸುವುದಿಲ್ಲ. ‘ಮುದ್ರಿಸು’ ಎಂದು ಬರೆದ ಗುಂಡಿಗೆ ಅಳಿಸುವ ಮ್ಯಾಕ್ರೊವನ್ನು ಕಟ್ಟಿದರೆ ಅದು ಆಕ್ಷೇಪಿಸದೆ ಅಳಿಸುತ್ತದೆ.

ಮೊದಲನೆಯದಕ್ಕೂ ಎರಡನೆಯದಕ್ಕೂ ಕೊಂಡಿ ಇಲ್ಲವಾದ್ದರಿಂದ ಮೇಲಿನ ಮಾತನ್ನು ಎಷ್ಟು ಸಲ ಬದಲಾಯಿಸಿದರೂ ಕ್ರಿಯೆ ಬದಲಾಗದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಕೊಂಡಿ ಹೆಸರು ಮಾತ್ರವಾದ್ದರಿಂದ, ಮಾಡ್ಯೂಲಿನಲ್ಲಿ ಮ್ಯಾಕ್ರೊವಿನ ಹೆಸರನ್ನು ತಿದ್ದಿದರೆ ಗುಂಡಿ ಹಳೆಯ ಹೆಸರನ್ನೇ ಕರೆಯುತ್ತ, ಮ್ಯಾಕ್ರೊ ದೊರೆಯಲಿಲ್ಲವೆಂಬ ಸಂದೇಶವನ್ನು ಕೊಡುತ್ತದೆ. ಇದು ಕಿರಿಕಿರಿಯೇ ಆದರೂ ಅಪಾಯವಲ್ಲ. ಒಡೆದ ಬಂಧ ತಾನೇ ತೋರಿಕೊಳ್ಳುತ್ತದೆ. ಅಪಾಯವಿರುವುದು, ಬಂಧವು ಒಡೆಯದೆ ಬೇರೆಡೆಗೆ ಹೋದಾಗ. ಗುಂಡಿಯನ್ನು ಒಂದು ಕಡತದಿಂದ ಇನ್ನೊಂದಕ್ಕೆ ಪ್ರತಿ ಮಾಡಿದರೆ ಅದು ಹಳೆಯ ಕಡತದ ಹೆಸರನ್ನೂ ಜೊತೆಗೆ ಒಯ್ಯುತ್ತದೆ. ಹೊಸ ಕಡತದಲ್ಲಿ ಒತ್ತಿದಾಗ ಎಕ್ಸೆಲ್ ಹಳೆಯ ಕಡತವನ್ನು ತೆರೆದು ಅಲ್ಲಿಯ ಮ್ಯಾಕ್ರೊವನ್ನು ನಡೆಸಲು ಹೊರಡುತ್ತದೆ. ಹೊಸ ವರ್ಷದ ಪಟ್ಟಿಗೆ ಹಳೆಯ ವರ್ಷದ ನಿಯಮಗಳು ಹೀಗೆ ತಿಳಿಯದಂತೆ ಅನ್ವಯಿಸಬಹುದು. ಪ್ರತಿ ಮಾಡಿದ ಗುಂಡಿಗೆ ಮ್ಯಾಕ್ರೊವನ್ನು ಹೊಸದಾಗಿ ಕಟ್ಟುವುದೇ ಇದಕ್ಕೆ ಮದ್ದು.

ಕಡತದ ಜಾತಿಯೂ ಮುಖ್ಯ. ೨೦೦೭ರ ಎಕ್ಸೆಲ್‌ನಿಂದ ಈಚೆಗೆ, ‘ಎಕ್ಸ್‌ಎಲ್‌ಎಸ್‌ಎಕ್ಸ್’ ಎಂದು ಕೊನೆಗೊಳ್ಳುವ ಕಡತದಲ್ಲಿ ಮ್ಯಾಕ್ರೊ ಉಳಿಯುವುದಿಲ್ಲ; ‘ಎಕ್ಸ್‌ಎಲ್‌ಎಸ್‌ಎಂ’ ಎಂದು ಉಳಿಸಬೇಕು. ಉಳಿಸುವಾಗ ಬರುವ ಎಚ್ಚರಿಕೆಯನ್ನು ಓದದೆ ಮುಂದುವರಿದವರ ಹಾಳೆಯಲ್ಲಿ ಗುಂಡಿ ಉಳಿದು ಮ್ಯಾಕ್ರೊ ಹೋಗಿರುತ್ತದೆ.

೬. ಕನ್ನಡದ ಬರಹ

ಗುಂಡಿಯ ಮೇಲಿನ ಮಾತು ಕನ್ನಡದಲ್ಲಿರಬೇಕೆಂಬುದು ಸಹಜವಾದ ಅಪೇಕ್ಷೆ. ಬಿಡಿಸಿದ ಆಯತದೊಳಗೆ ಯೂನಿಕೋಡ್ ಕನ್ನಡವನ್ನು ಧಾರಾಳವಾಗಿ ಬರೆಯಬಹುದು. ತೊಡಕು ಬರುವುದು ಮಾಡ್ಯೂಲಿನಲ್ಲಿ. ವಿಷುಯಲ್ ಬೇಸಿಕ್ ಬರೆಯುವ ಕಿಟಕಿ ಯೂನಿಕೋಡ್‌ಗೆ ಹೊಂದಿಕೊಂಡಿಲ್ಲವಾದ್ದರಿಂದ ಅಲ್ಲಿ ಕನ್ನಡ ವಾಕ್ಯವನ್ನು ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸುತ್ತದೆ. ಒಂದೊಂದು ಅಕ್ಷರವನ್ನೂ ಅದರ ಸಂಖ್ಯೆಯಿಂದ ಕರೆಯುವ ಉಪಾಯವಿದೆ. ‘ಅ’ಕಾರದ ಸಂಖ್ಯೆ ೩೨೦೫. ಆದರೆ ಒಂದು ವಾಕ್ಯವನ್ನು ಹೀಗೆ ಕಟ್ಟುವುದು ಪ್ರಯಾಸದ ಕೆಲಸ. ಸುಲಭವಾದ ದಾರಿ ಇನ್ನೊಂದಿದೆ: ಸಂದೇಶಗಳನ್ನೆಲ್ಲ ಒಂದು ಹಾಳೆಯ ಕೋಶಗಳಲ್ಲಿ ಕನ್ನಡದಲ್ಲಿ ಬರೆದಿಟ್ಟು, ಮ್ಯಾಕ್ರೊ ಅವನ್ನು ಅಲ್ಲಿಂದ ಓದಿಕೊಂಡು ಗುಂಡಿಯ ಮೇಲೋ ಬೇರೊಂದು ಕೋಶದಲ್ಲೋ ತೋರಿಸುವಂತೆ ಮಾಡುವುದು. ಮ್ಯಾಕ್ರೊವಿನ ಹೆಸರನ್ನು ಮಾತ್ರ ರೋಮನ್ ಲಿಪಿಯಲ್ಲಿ, ನಡುವೆ ತೆರವಿಲ್ಲದೆ ಇಡಬೇಕು. ‘ಮ್ಯಾಕ್ರೊ ೧’, ‘ಮ್ಯಾಕ್ರೊ ೨’ ಎಂದು ಯಂತ್ರವೇ ಇಡುವ ಹೆಸರುಗಳನ್ನು ಬಿಟ್ಟು, ಕ್ರಿಯೆಯನ್ನು ಹೇಳುವ ಹೆಸರನ್ನು ಇಡುವುದು ಮುಂದೆ ಓದುವವರಿಗೆ ಉಪಕಾರ.

೭. ಗುಂಡಿಯನ್ನು ತಿದ್ದಿದ ಬಗೆ

ಈಗ ‘ಮೊದಲ ಹತ್ತು’ ಗುಂಡಿಗೆ ಮರಳೋಣ. ಅದನ್ನು ತಿದ್ದುವಾಗ ನಾಲ್ಕು ಅಂಶಗಳನ್ನು ಸೇರಿಸಬೇಕಾಯಿತು. ಇವು ಅಂಕಗಳನ್ನು ಮುಟ್ಟುವ ಯಾವ ಗುಂಡಿಗಾದರೂ ಅನ್ವಯಿಸುತ್ತವೆ.

ಮೊದಲನೆಯದಾಗಿ, ಪಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮ್ಯಾಕ್ರೊ ತಾನೇ ಕಂಡುಕೊಳ್ಳಬೇಕು. ಎಕ್ಸೆಲ್ ಹಾಳೆಯಲ್ಲಿ ೧೦,೪೮,೫೭೬ ಅಡ್ಡಸಾಲುಗಳಿವೆ. ನೋಂದಣಿ ಸಂಖ್ಯೆಯ ಕಂಬಸಾಲಿನ ತೀರ ಕೆಳಗಿನ ಕೋಶದಿಂದ ಹೊರಟು ಮೇಲಕ್ಕೆ ಬರುತ್ತ, ಮೊದಲು ಸಿಗುವ ತುಂಬಿದ ಕೋಶದಲ್ಲಿ ನಿಂತರೆ ಅದೇ ಪಟ್ಟಿಯ ಕೊನೆ. ಮೇಲಿನಿಂದ ಕೆಳಕ್ಕೆ ಹುಡುಕಿದರೆ ನಡುವಣ ಒಂದು ಖಾಲಿ ಕೋಶದಲ್ಲಿಯೇ ಮ್ಯಾಕ್ರೊ ನಿಂತುಬಿಡುವ ಸಂಭವವಿದೆ. ಅಂಕಗಳ ಕಂಬಸಾಲನ್ನು ಇದಕ್ಕೆ ಆರಿಸಬಾರದು. ಕೊನೆಯ ವಿದ್ಯಾರ್ಥಿ ಪರೀಕ್ಷೆಗೆ ಗೈರುಹಾಜರಾಗಿದ್ದರೆ ಅಲ್ಲಿ ಕೋಶ ಖಾಲಿಯಾಗಿರಬಹುದು. ನೋಂದಣಿ ಸಂಖ್ಯೆ ಎಲ್ಲರಿಗೂ ಇರುತ್ತದೆ.

ಎರಡನೆಯದಾಗಿ, ಮೂಲಪಟ್ಟಿಯನ್ನು ಮುಟ್ಟಬಾರದು. ಕೈಯಿಂದ ಮಾಡಿದ ತಪ್ಪನ್ನು ‘ಅನ್‌ಡೂ’ ಎಂಬ ಆದೇಶದಿಂದ ಹಿಂದೆ ಪಡೆಯಬಹುದು. ಆದರೆ ಎಕ್ಸೆಲ್‌ನಲ್ಲಿ ಮ್ಯಾಕ್ರೊ ಹಾಳೆಯನ್ನು ಬದಲಾಯಿಸಿತೆಂದರೆ ಆ ಸೌಕರ್ಯ ಹೋಗುತ್ತದೆ. ಮ್ಯಾಕ್ರೊ ಮಾಡಿದ್ದು ಮಾತ್ರವಲ್ಲ, ಅದಕ್ಕೆ ಮುಂಚೆ ಕೈಯಿಂದ ಮಾಡಿದ್ದೂ ಹಿಂದಿರುಗದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಈ ಗುಂಡಿಗೂ ಸಲ್ಲುತ್ತದೆ. ಆದುದರಿಂದ ಮ್ಯಾಕ್ರೊ ಮೊದಲು ಹಾಳೆಯ ಪ್ರತಿಯನ್ನು ಮಾಡಿಕೊಂಡು, ಜೋಡಿಸುವ ಕೆಲಸವನ್ನು ಪ್ರತಿಯ ಮೇಲೆ ನಡೆಸಬೇಕು.

ಮೂರನೆಯದು ಸಮಾನ ಅಂಕಗಳ ಪ್ರಶ್ನೆ. ಹತ್ತನೆಯವರಿಗೂ ಹನ್ನೊಂದನೆಯವರಿಗೂ ಒಂದೇ ಒಟ್ಟು ಇದ್ದರೆ ಯಾರು ಪಟ್ಟಿಯಲ್ಲಿರಬೇಕು? ಎಕ್ಸೆಲ್ ಜೋಡಿಸುವಾಗ, ಸಮಾನರಾದವರು ಮೊದಲಿದ್ದ ಕ್ರಮದಲ್ಲಿಯೇ ಉಳಿಯುತ್ತಾರೆ. ಎಂದರೆ, ಪಟ್ಟಿಯಲ್ಲಿ ಯಾರ ಹೆಸರು ಮುಂಚೆ ಇತ್ತೋ ಅವರು ಹತ್ತರೊಳಗೆ ಬರುತ್ತಾರೆ. ಬಹುಮಾನವನ್ನು ಪ್ರವೇಶದ ದಿನಾಂಕವೋ ಅಕಾರಾದಿಯೋ ನಿರ್ಣಯಿಸಿದಂತಾಗುತ್ತದೆ. ಇಂಥ ನಿಯಮವನ್ನು ಯಾವ ವಿಭಾಗವೂ ಅಂಗೀಕರಿಸಿಲ್ಲ; ಆದರೂ ಗುಂಡಿ ಅದನ್ನು ಸದ್ದಿಲ್ಲದೆ ಜಾರಿಗೆ ತರುತ್ತದೆ. ಹತ್ತನೆಯವರಷ್ಟೇ ಅಂಕ ಪಡೆದ ಎಲ್ಲರನ್ನೂ ಮ್ಯಾಕ್ರೊ ಪಟ್ಟಿಯಲ್ಲಿ ತೋರಿಸಿ, ತೀರ್ಮಾನವನ್ನು ಅಧ್ಯಾಪಕರಿಗೆ ಬಿಡುವುದು ನ್ಯಾಯ.

ನಾಲ್ಕನೆಯದಾಗಿ, ಕೆಲಸ ಮುಗಿದ ಮೇಲೆ ಮ್ಯಾಕ್ರೊ ತಾನು ಮಾಡಿದ್ದನ್ನು ಹೇಳಬೇಕು. ‘ಪರಿಶೀಲಿಸಿದವರು ೬೭, ಅಂಕವಿಲ್ಲದವರು ೨, ಪಟ್ಟಿಗೆ ಬಂದವರು ೧೧’ ಎಂಬ ಒಂದು ಸಾಲು ಸಾಕು. ‘ಮುಗಿಯಿತು’ ಎಂಬ ಸಂದೇಶದಿಂದ ಪ್ರಯೋಜನವಿಲ್ಲ. ನನ್ನ ಹಳೆಯ ಗುಂಡಿ ‘ಪರಿಶೀಲಿಸಿದವರು ೬೦’ ಎಂದಿದ್ದರೆ, ತರಗತಿಯಲ್ಲಿ ೬೭ ಮಂದಿ ಇರುವುದನ್ನು ಬಲ್ಲ ಯಾರಾದರೂ ಅಲ್ಲಿಯೇ ತಡೆಯುತ್ತಿದ್ದರು.

೮. ನಂಬಿಕೆಯ ಪ್ರಶ್ನೆ

ಇದುವರೆಗೆ ಸದುದ್ದೇಶದ ತಪ್ಪುಗಳನ್ನು ಕುರಿತು ಹೇಳಿದ್ದಾಯಿತು. ದುರುದ್ದೇಶದ ಮ್ಯಾಕ್ರೊಗಳೂ ಉಂಟು. ವರ್ಡ್ ಕಡತಗಳ ಮೂಲಕ ೧೯೯೫ರಲ್ಲಿ ಕಾನ್ಸೆಪ್ಟ್ ಎಂಬ ಮ್ಯಾಕ್ರೊ ವೈರಸ್ ಹರಡಿತು. ೧೯೯೬ರಲ್ಲಿ ಲಾರೂ ಎಂಬುದು ಎಕ್ಸೆಲ್ ಕಡತಗಳಲ್ಲಿ ಕಾಣಿಸಿಕೊಂಡಿತು. ೧೯೯೯ರ ಮೆಲಿಸ್ಸಾ ಮಿಂಚಂಚೆಯ ಮೂಲಕ ಲೋಕವನ್ನೇ ಸುತ್ತಿತು. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಮೊದಲೇ ತಡೆಹಿಡಿಯುವ ಕ್ರಮವನ್ನು ಮೈಕ್ರೊಸಾಫ್ಟ್ ೨೦೨೨ರಲ್ಲಿ ತಂದಿತು. ಸಹೋದ್ಯೋಗಿಯೊಬ್ಬರು ಮಿಂಚಂಚೆಯಲ್ಲಿ ಕಳಿಸಿದ ಅಂಕಪಟ್ಟಿಯ ಗುಂಡಿ ಕೆಲಸ ಮಾಡದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ. ಆಗ ತಡೆಯನ್ನು ತೆಗೆಯುವ ಮುನ್ನ ಕಡತವು ನಿಜವಾಗಿಯೂ ಅವರಿಂದಲೇ ಬಂದಿದೆಯೆ ಎಂದು ಕೇಳಿ ತಿಳಿಯುವುದು, ಮಾಡ್ಯೂಲನ್ನು ಬಲ್ಲವರಿಂದ ಒಮ್ಮೆ ಓದಿಸುವುದು, ಇವೆರಡೂ ಅವಶ್ಯ. ತಡೆ ತೊಂದರೆಯೆಂದು ಎಲ್ಲ ಮ್ಯಾಕ್ರೊಗಳಿಗೂ ಒಮ್ಮೆಗೇ ಅನುಮತಿ ಕೊಟ್ಟುಬಿಡುವುದು ಸರ್ವಥಾ ಸಲ್ಲದು.

೯. ಉಪಸಂಹಾರ

ಗುಂಡಿಯನ್ನು ಒತ್ತುವವರು ಅದರ ಮೇಲಿನ ಮಾತನ್ನು ನಂಬಿ ಒತ್ತುತ್ತಾರೆ. ಆ ಮಾತಿಗೂ ಹಿಂದಿನ ಕ್ರಿಯೆಗೂ ಹೊಂದಿಕೆ ಇದೆಯೆ ಎಂದು ನೋಡುವವರು ಯಂತ್ರದಲ್ಲಿ ಯಾರೂ ಇಲ್ಲವಾದ್ದರಿಂದ, ಆ ಹೊಣೆ ಗುಂಡಿಯನ್ನು ಇರಿಸಿದವರದು. ಪ್ರತಿವರ್ಷ ಪಟ್ಟಿ ಹೊಸದಾದಾಗ ಗುಂಡಿಯನ್ನೂ ಹೊಸದಾಗಿ ಪರೀಕ್ಷಿಸಬೇಕು. ತರಗತಿಯ ಪಟ್ಟಿಯಷ್ಟೇ ಉದ್ದದ, ಕಲ್ಪಿತ ಹೆಸರುಗಳ ಒಂದು ಪಟ್ಟಿಯನ್ನು ಮಾಡಿ, ಅತ್ಯಧಿಕ ಅಂಕವನ್ನು ಕೊನೆಯ ಅಡ್ಡಸಾಲಿನಲ್ಲಿ ಇರಿಸಿ, ಒಬ್ಬರ ಅಂಕವನ್ನು ಖಾಲಿ ಬಿಟ್ಟು, ಇಬ್ಬರಿಗೆ ಸಮಾನ ಅಂಕ ಕೊಟ್ಟು ಒತ್ತಿ ನೋಡಿದರೆ ಹೆಚ್ಚಿನ ದೋಷಗಳು ಹತ್ತು ನಿಮಿಷದಲ್ಲಿ ಹೊರಬೀಳುತ್ತವೆ. ನಾನು ಈಗ ಪ್ರತಿವರ್ಷವೂ ಹಾಗೆ ಮಾಡುತ್ತೇನೆ. ಪಟ್ಟಿಯ ಕೊನೆಯ ಸಾಲಿನಲ್ಲಿರುವವರೂ ಮೊದಲ ಸಾಲಿನವರಷ್ಟೇ ಲೆಕ್ಕಕ್ಕೆ ಬರಬೇಕು; ಅದಕ್ಕಾಗಿ ಹತ್ತು ನಿಮಿಷ ಹೆಚ್ಚೇನಲ್ಲ.